ಮೊದಲು ಬಿಟ್ಟ ಮೀನೇ ಮನೆ ಮಾಲೀಕ

ಪ್ರಶ್ನೆ: ನಾನು ಕಲಬುರಗಿಯವನು. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಉಪ್ಪುನೀರಿನ ಟ್ಯಾಂಕ್ ಇಟ್ಟು ಎರಡು ತಿಂಗಳಾಯಿತು. ನೀರು ಹದಕ್ಕೆ ಬರಲಿ ಅಂತ ಅಂಗಡಿಯವರು ಮೊದಲು ಮೂರು ಡ್ಯಾಮ್ಸೆಲ್ ಮೀನು ಕೊಟ್ಟರು. ಒಂದು ಪೂರ್ತಿ ನೀಲಿ, ಒಂದು ಬಿಳಿ ಮೈಮೇಲೆ ಕಪ್ಪು ಪಟ್ಟಿಯದು, ಒಂದು ಕಪ್ಪು ಮೈಮೇಲೆ ಬಿಳಿ ಚುಕ್ಕೆಯದು. ಮೂರೂ ಚೆನ್ನಾಗಿವೆ. ಆದರೆ ಹೋದ ವಾರ ತಂದ ಎರಡು ಕ್ಲೌನ್ ಮೀನುಗಳಲ್ಲಿ ಒಂದು ನಾಲ್ಕನೇ ದಿನ ಸತ್ತಿತು. ಇನ್ನೊಂದರ ಬಾಲ ಹರಿದಿದೆ, ಫಿಲ್ಟರ್ ಮೂಲೆ ಬಿಟ್ಟು ಬರುತ್ತಿಲ್ಲ. ಮಧ್ಯಾಹ್ನ ನೀರು 32 ಡಿಗ್ರಿ ಆಗುತ್ತಿದೆ. ಬೋರ್ ನೀರಿಗೆ ಅಂಗಡಿಯ ಸಮುದ್ರದ ಉಪ್ಪು ಬೆರೆಸುತ್ತೇನೆ. ಬೋರ್ ನೀರಿನ ಟಿಡಿಎಸ್ 900. ಆ ಉಪ್ಪು ದುಬಾರಿ, ಅಡುಗೆಯ ಕಲ್ಲುಪ್ಪು ನಡೆಯುತ್ತಾ? ತಪ್ಪು ನೀರಿನದಾ, ಮೀನಿನದಾ? ಚುಕ್ಕೆ ಮೀನಿಗೆ ಮಗಳು 'ಕರಿಯ' ಅಂತ ಹೆಸರಿಟ್ಟಿದ್ದಾಳೆ. ಅದನ್ನು ಮಾತ್ರ ಯಾರಿಗೂ ಕೊಡಲ್ಲ ಅನ್ನುತ್ತಾಳೆ.

ಉತ್ತರ: ಮೊದಲು ಉಳಿದಿರುವ ಆ ಒಂದು ಕ್ಲೌನ್ ಅನ್ನು ಕಾಪಾಡೋಣ, ಮಿಕ್ಕ ಮಾತು ಆಮೇಲೆ. ತರಕಾರಿ ತೊಳೆಯುವ ತೂತಿನ ಪ್ಲಾಸ್ಟಿಕ್ ಬುಟ್ಟಿ ಇರುತ್ತದಲ್ಲ, ಅಂಥದ್ದು ಒಂದು ಹೊಸದು ತನ್ನಿ. ಸೋಪು ಮುಟ್ಟಿಸದೆ ತೊಳೆಯಿರಿ. ಬುಟ್ಟಿಯ ಬಾಯಿ ನೀರಿನಿಂದ ನಾಲ್ಕು ಬೆರಳು ಮೇಲೆ ಇರುವಂತೆ ಟ್ಯಾಂಕಿನ ಅಂಚಿಗೆ ಕಟ್ಟಿ, ಕ್ಲೌನ್ ಅನ್ನು ಅದರೊಳಗೆ ಬಿಡಿ. ನೀರು ಒಳಗೆ-ಹೊರಗೆ ಓಡಾಡುತ್ತದೆ, ಬೇರೆ ಮೀನಿನ ಬಾಯಿ ಮಾತ್ರ ತಾಗುವುದಿಲ್ಲ. ಊಟ ಅಲ್ಲೇ ಹಾಕಿ. ನೀರು ಚೊಕ್ಕವಾಗಿದ್ದರೆ ಹರಿದ ಬಾಲ ಎರಡು-ಮೂರು ವಾರದಲ್ಲಿ ಮತ್ತೆ ಬೆಳೆಯುತ್ತದೆ. ಒಂದು ವಿಷಯ ಗಮನಿಸಿ. ಮೈಮೇಲೆ ಬಿಳಿ ಲೋಳೆ ಕಟ್ಟಿದಂತೆ ಕಂಡರೆ, ಉಸಿರಾಟ ತೀರಾ ಜೋರಾದರೆ, ಅದು ಪೆಟ್ಟಿನ ಗಾಯ ಅಲ್ಲ. ಕ್ಲೌನ್ ಮೀನುಗಳಿಗೆ ಬ್ರುಕ್ಲಿನೆಲ್ಲಾ ಎಂಬ ಪರಾವಲಂಬಿಯ ಕಾಟ ಜಾಸ್ತಿ, ಅದು ಮೂರು-ನಾಲ್ಕು ದಿನದಲ್ಲೇ ಮುಗಿಸಿಬಿಡುತ್ತದೆ. ಸತ್ತ ಮೀನಿನ ಮೈ ಹೇಗಿತ್ತು ಎಂದು ನೀವು ಬರೆದಿಲ್ಲ. ಬಾಲ ಹರಿದ ಕಥೆಯಂತೂ ನಿಮ್ಮ ಡ್ಯಾಮ್ಸೆಲ್‌ಗಳದ್ದೇ.

ಅಂಗಡಿಯವರು ಹೇಳುವ ಮಾತು ನನಗೆ ಬಾಯಿಪಾಠ. "ಭಾಳ ಗಟ್ಟಿ ಮೀನ ಅದಾವ್ರಿ ಸರ್, ಏನೂ ಆಗಂಗಿಲ್ಲ, ಮೊದಲ ಇವನ್ನ ಬಿಡ್ರಿ." ಗಟ್ಟಿ ಅನ್ನುವುದು ಸುಳ್ಳಲ್ಲ. ಹೊಸ ಟ್ಯಾಂಕಿನಲ್ಲಿ ಮೀನಿನ ಹೇಲು, ಮಿಕ್ಕ ಊಟ ಕೊಳೆತು ಅಮೋನಿಯಾ ಆಗುತ್ತದೆ. ಅದನ್ನು ನೈಟ್ರೈಟ್ ಮಾಡುವ ಬ್ಯಾಕ್ಟೀರಿಯಾ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ, ಎರಡೂ ಕಲ್ಲು-ಮರಳಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಆ ವಿಷದಲ್ಲೇ ಇದ್ದು ಬದುಕುವ ತಾಕತ್ತು ಡ್ಯಾಮ್ಸೆಲ್‌ಗೆ ಇದೆ. ಅದಕ್ಕೇ ಮೊದಲು ಅದನ್ನು ಬಿಡುವ ರೂಢಿ ಬಂತು. ಬದುಕಿತು ಅಂದ ಮಾತ್ರಕ್ಕೆ ಅದಕ್ಕೆ ಉರಿಯಲಿಲ್ಲ ಅಂತಲ್ಲ. ಇವತ್ತು ಮೀನೇ ಇಲ್ಲದೆ, ಅಮೋನಿಯಂ ಕ್ಲೋರೈಡ್ ಹಾಕಿ ಅಮೋನಿಯಾವನ್ನು 2 ಪಿಪಿಎಂಗೆ (ಲೀಟರಿಗೆ ಸುಮಾರು 2 ಮಿಲಿಗ್ರಾಂ) ತಂದು, ಟೆಸ್ಟ್ ಕಿಟ್‌ನಲ್ಲಿ ನೋಡುತ್ತಾ ಟ್ಯಾಂಕ್ ಹದ ಮಾಡಬಹುದು. ಹಾಗಿದ್ದೂ ಮೀನನ್ನೇ ಬಲಿ ಕೊಡುವ ಅಭ್ಯಾಸ ನನಗೆ ಹಿಡಿಸುವುದಿಲ್ಲ.

ನಿಮ್ಮ ಮನೆಯಲ್ಲಿ ಈಗ ಆಗಿರುವ ಎಡವಟ್ಟು ಅದರ ಮುಂದಿನ ಭಾಗ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದನ್ನು ನೋಡಿದ್ದೀರಲ್ಲ? ಡ್ಯಾಮ್ಸೆಲ್ ಮಾಡುವುದೂ ಅದನ್ನೇ. ಬಿಟ್ಟ ದಿನವೇ ಒಂದು ಕಲ್ಲಿನ ಸಂದು ಹಿಡಿಯುತ್ತದೆ. ವಾರ ಕಳೆಯುವಷ್ಟರಲ್ಲಿ ಅದರ ಸುತ್ತಲ ಒಂದಡಿ ತನ್ನದು ಅನ್ನುತ್ತದೆ. ಎರಡು ತಿಂಗಳಾದರೆ ಮೂರಡಿ ಟ್ಯಾಂಕ್ ಪೂರ್ತಿ ಅದರ ಹೆಸರಿಗೆ. ಆಮೇಲೆ ಬಂದವರೆಲ್ಲ ಅದರ ಕಣ್ಣಿಗೆ ಕಳ್ಳರು.

ಇದು ಮೀನಿನ ಕೆಟ್ಟತನ ಅಲ್ಲ. ಸಮುದ್ರದಲ್ಲಿ ಒಂದು ಹವಳದ ಗುಡ್ಡೆಯೇ ಅದಕ್ಕೆ ಮನೆ, ಊಟದ ಜಾಗ, ಮೊಟ್ಟೆ ಇಡುವ ಜಾಗ. ಹೆಣ್ಣು ಮೊಟ್ಟೆ ಇಟ್ಟು ಹೋಗುತ್ತದೆ, ಕಾಯುವುದು ಗಂಡು. ತನಗಿಂತ ಹತ್ತುಪಟ್ಟು ದೊಡ್ಡ ಮೀನು ಬಂದರೂ ಹೆದರದೆ ನುಗ್ಗುತ್ತದೆ. ಅಲ್ಲಿ ಸೋತ ಮೀನು ಹತ್ತು ಮಾರು ಆಚೆ ಓಡಿ ಬಚಾವಾಗುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಓಡಿದರೆ ಎಲ್ಲಿಗೆ? ಫಿಲ್ಟರ್ ಮೂಲೆಗೆ. ಸೋತ ಮೀನಿನ ಗುರುತೇ ಅದು. ಮೇಲಿನ ಮೂಲೆಯಲ್ಲಿ ನಿಂತಿರುತ್ತದೆ, ಊಟಕ್ಕೂ ಬರುವುದಿಲ್ಲ, ರೆಕ್ಕೆ ಮುದುಡಿಕೊಂಡಿರುತ್ತದೆ. ಇನ್ನೊಂದು ತಮಾಷೆ ಏನೆಂದರೆ ಕ್ಲೌನ್ ಕೂಡ ಡ್ಯಾಮ್ಸೆಲ್ ಕುಟುಂಬದ್ದೇ. ಹೊಡೆದವರು, ಹೊಡೆಸಿಕೊಂಡವರು ಇಬ್ಬರೂ ದಾಯಾದಿಗಳು.

ಈಗ ನಿಮ್ಮ ಮೂವರನ್ನು ನೋಡೋಣ.

ಪೂರ್ತಿ ನೀಲಿಯದು ಬಹುಶಃ ಬ್ಲೂ ಡೆವಿಲ್. ಎಂಟೂವರೆ ಸೆಂಟಿಮೀಟರ್ ದಾಟುವುದಿಲ್ಲ. ಹೆದರಿದಾಗ ಬಣ್ಣ ಕಪ್ಪಾಗಿ ಸಂದಿಗೆ ಸೇರಿಕೊಳ್ಳುತ್ತದೆ, ನೋಡಿದವರು ಮೀನು ಕಳೆದೇಹೋಯಿತು ಅಂದುಕೊಳ್ಳುತ್ತಾರೆ. ಬೆನ್ನಿನ ರೆಕ್ಕೆಯ ಹಿಂಬದಿಯಲ್ಲಿ ಸಣ್ಣ ಕಪ್ಪು ಚುಕ್ಕೆ ಇದ್ದರೆ ಸಾಮಾನ್ಯವಾಗಿ ಹೆಣ್ಣು. ಇದು ಸಿಡುಕ ಮೀನೇ. ಆದರೂ ಇದರ ಜೊತೆ ಹೇಗೋ ಸಂಸಾರ ಮಾಡಬಹುದು.

ಬಿಳಿ-ಕಪ್ಪು ಪಟ್ಟಿಯದು ಹಂಬಗ್ ಡ್ಯಾಮ್ಸೆಲ್. ನಮ್ಮ ಲಕ್ಷದ್ವೀಪದ ತಿಳಿನೀರಿನಲ್ಲಿ ಕೊಂಬೆ ಕೊಂಬೆಯ ಹವಳದೊಳಗೆ ಗುಂಪುಗುಂಪಾಗಿ ಇರುತ್ತದೆ. ಗುಂಪಿನಲ್ಲಿ ಮೈಗಾತ್ರದ ಪ್ರಕಾರ ದೊಡ್ಡವರು-ಸಣ್ಣವರು ಅನ್ನುವ ಸಾಲು ಇರುತ್ತದೆ. ದೊಡ್ಡ ಗಂಡು ಸತ್ತರೆ ನಂತರದ ದೊಡ್ಡ ಹೆಣ್ಣು ಗಂಡಾಗಿ ಬದಲಾಗುತ್ತದೆ. ಕ್ಲೌನ್‌ಗಳಲ್ಲಿ ಇದು ಉಲ್ಟಾ, ಅಲ್ಲಿ ಗಂಡು ಹೆಣ್ಣಾಗುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಬಾಲ ಹರಿದದ್ದು ಯಾರು ಅಂತ ಕೇಳಿದರೆ ನನ್ನ ಮೊದಲ ಅನುಮಾನ ಇದರ ಮೇಲೆ.

ಎರಡನೇ ಅನುಮಾನ ಕರಿಯನ ಮೇಲೆ. ಮಗಳಿಗೆ ಹೇಳಬೇಡಿ. ಅದು ಡಾಮಿನೋ ಡ್ಯಾಮ್ಸೆಲ್. ಈಗ ಎರಡು ರೂಪಾಯಿ ನಾಣ್ಯದಷ್ಟಿದೆ, ಮಖಮಲ್ಲಿನ ಹಾಗೆ ಕಪ್ಪು, ಹಣೆಗೊಂದು, ಎರಡೂ ಪಕ್ಕೆಗೆ ಒಂದೊಂದು ಬಿಳಿ ಚುಕ್ಕೆ. ಮುದ್ದು ಬರುತ್ತದೆ. ಇದೇ ಮೀನು 14 ಸೆಂಟಿಮೀಟರ್‌ವರೆಗೆ ಬೆಳೆಯುತ್ತದೆ. ಬೆಳೆದಂತೆ ಚುಕ್ಕೆ ಮಾಸುತ್ತದೆ, ಕಪ್ಪು ಬೂದಿಯಾಗುತ್ತದೆ, ಕೋಪ ಮಾತ್ರ ಏರುತ್ತದೆ.

ನಾನೂ ಒಂದನ್ನು ಸಾಕಿದ್ದೆ. ಒಂದು ಭಾನುವಾರ ಗಾಜಿನ ಪಾಚಿ ಕೆರೆಯಲು ಮೊಳಕೈತನಕ ಕೈ ಇಳಿಸಿದ್ದೆ. ಕಲ್ಲಿನ ಹಿಂದಿನಿಂದ 'ಟಕ್ ಟಕ್' ಅಂತ ಕೇಳಿಸಿತು. ಪಂಪಿಗೆ ಮರಳು ಸಿಕ್ಕಿದೆ ಅಂದುಕೊಂಡೆ. ಮತ್ತೆ ಟಕ್ ಟಕ್. ನೋಡಿದರೆ ಡಾಮಿನೋ ರೆಕ್ಕೆ ನಿಗುರಿಸಿ, ಮೈ ಅಡ್ಡ ಮಾಡಿ, ನನ್ನ ಕಡೆ ಒಂದೇ ಕಣ್ಣಿನಿಂದ ನೋಡುತ್ತಾ ನಿಂತಿತ್ತು. ಈ ಜಾತಿಯ ಮೀನುಗಳು ನಿಜವಾಗಿಯೂ ಸದ್ದು ಮಾಡುತ್ತವೆ, ಆಗ ನನಗೆ ಅದು ಗೊತ್ತಿರಲಿಲ್ಲ. ಮೂರನೇ ಟಕ್‌ಗೆ ಬಂದು ಹೆಬ್ಬೆರಳ ಬುಡದ ಚರ್ಮ ಕಚ್ಚಿತು. ರಕ್ತ ಬರುವಂಥದ್ದೇನಲ್ಲ, ಚಿವುಟಿದಂತೆ. ಆದರೆ ಕೈ ಎಳೆದ ರಭಸಕ್ಕೆ ಲೈಟಿನ ಸ್ಟ್ಯಾಂಡ್ ಜಾರಿ ಅರ್ಧ ನೀರಿಗೆ ಬಿತ್ತು. ಪುಣ್ಯಕ್ಕೆ ಮೇನ್ ಟ್ರಿಪ್ ಆಯಿತು. ಅವತ್ತಿನಿಂದ ಸ್ವಿಚ್ ಆರಿಸದೆ ಟ್ಯಾಂಕಿಗೆ ಕೈ ಹಾಕಿಲ್ಲ. ನೀವೂ ಹಾಕಬೇಡಿ. ಉಪ್ಪುನೀರಿಗೂ ಕರೆಂಟಿಗೂ ಬಲು ಸ್ನೇಹ.

ಜಗಳಗಂಟ ಡ್ಯಾಮ್ಸೆಲ್ ಅನ್ನು ಟ್ಯಾಂಕಿನಿಂದ ತೆಗೆಯಲೇಬೇಕು. ಹಿಡಿಯುವುದು ಹೇಗೆ? ಜಾಲರಿ ಹಿಡಿದು ಬೆನ್ನಟ್ಟಬೇಡಿ. ನೀವು ಸುಸ್ತಾಗುತ್ತೀರಿ, ಅದು ಆಗುವುದಿಲ್ಲ. ಎರಡು ಲೀಟರ್ ಕೂಲ್‌ಡ್ರಿಂಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ತಿರುಗಿಸಿ ಲಾಳಿಕೆಯಂತೆ ಒಳಗೆ ಸಿಕ್ಕಿಸಿ. ಪಕ್ಕಕ್ಕೆ ನಾಲ್ಕಾರು ತೂತು ಮಾಡಿ. ಒಳಗೊಂದು ಬೆಣಚುಕಲ್ಲು ಭಾರಕ್ಕೆ, ಊಟ ಆಸೆಗೆ. ಒಂದು ದಿನ ಟ್ಯಾಂಕಿಗೆ ಊಟ ಹಾಕದೆ ಮರುದಿನ ಬಾಟಲಿ ಇಳಿಸಿ. ಹೊಟ್ಟೆಬಾಕನೇ ಮೊದಲು ಬರುತ್ತಾನೆ, ಸಾಮಾನ್ಯವಾಗಿ ರೌಡಿಯೂ ಅವನೇ. ಎರಡು-ಮೂರು ದಿನ ತಾಳ್ಮೆ ಬೇಕು. ಆಗಲೂ ಬಗ್ಗದಿದ್ದರೆ ಅರ್ಧ ನೀರನ್ನು ಬಕೆಟ್‌ಗಳಿಗೆ ತೆಗೆದು, ಕಲ್ಲು ಎತ್ತಿಟ್ಟು, ಆಮೇಲೆ ಹಿಡಿಯಿರಿ. ಕಲ್ಲನ್ನು ಒಣಗಲು ಬಿಡಬೇಡಿ, ಆ ಬಕೆಟ್ ನೀರಿನಲ್ಲೇ ಮುಳುಗಿಸಿ. ಎರಡು ತಿಂಗಳು ಕಾದು ಬೆಳೆಸಿದ ಬ್ಯಾಕ್ಟೀರಿಯಾ ಅದರಲ್ಲೇ ಇರುವುದು.

ಕಲ್ಲು ತೆಗೆದಿರಿ ಅಂದರೆ ಅದೇ ಜಾಗದಲ್ಲಿ ಮತ್ತೆ ಜೋಡಿಸಬೇಡಿ. ಬಲಕ್ಕಿದ್ದದ್ದನ್ನು ಎಡಕ್ಕೆ ಇಡಿ, ಸಂದುಗಳನ್ನು ಬದಲಿಸಿ. ಹಳೆಯ ಗಡಿ ಅಳಿಸಿದರೆ ಉಳಿದ ಮೀನುಗಳೂ ಹೊಸಬರಾಗುತ್ತವೆ. ಕ್ಲೌನ್ ಇನ್ನೂ ಒಂದು ವಾರ ಬುಟ್ಟಿಯಲ್ಲೇ ಇರಲಿ. ಮುಖ ನೋಡಿ ನೋಡಿ ಅಭ್ಯಾಸವಾದ ಮೇಲೆ, ಸಂಜೆ ಲೈಟ್ ಆರಿಸಿ ಬಿಡಿ.

ಹಿಡಿದ ಮೀನನ್ನು ಅಂಗಡಿಗೆ ವಾಪಸ್ ಕೊಡಿ, ಹಣ ಕೇಳದಿದ್ದರೆ ಎಷ್ಟೋ ಜನ ತೆಗೆದುಕೊಳ್ಳುತ್ತಾರೆ. ಒಬ್ಬರು ಹೀಗೇ ಬೇಸತ್ತು ಕಲಬುರಗಿಯ ಅಪ್ಪನ ಕೆರೆಗೆ ಬಿಡಲಾ ಅಂತ ಕೇಳಿದ್ದರು. ಸಿಹಿನೀರಿಗೆ ಬಿಟ್ಟರೆ ಅದು ಸಾಯುತ್ತದೆ, ಅಷ್ಟೇ.

ಇನ್ನು ನೀರಿನ ಮಾತು. ಜಗಳಕ್ಕೆ ನೀರು ಕಾರಣ ಅಲ್ಲದಿದ್ದರೂ ನಿಮ್ಮ ನೀರು ಸರಿಯಿಲ್ಲ. ನಮ್ಮ ಕಡೆ ಒಂದು ಲೆಕ್ಕಾಚಾರ ಇದೆ: ಬೋರ್ ನೀರು ಹೇಗೂ ಸವಳು ಅಲ್ವಾ, ಸ್ವಲ್ಪ ಉಪ್ಪು ಹಾಕಿದರೆ ಸಮುದ್ರ ಆಗುತ್ತದೆ ಅಂತ. ಆಗುವುದಿಲ್ಲ. ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿರುವುದರ ಒಟ್ಟು ಲೆಕ್ಕ, ಅದರಲ್ಲಿ ಯಾವುದು ಎಷ್ಟಿದೆ ಅಂತ ಮೀಟರ್ ಹೇಳುವುದಿಲ್ಲ. ನೈಟ್ರೇಟ್ ಇದ್ದರೆ ಪಾಚಿ ಬೆಳೆದು ಕಲ್ಲೆಲ್ಲ ಹಸಿರು ಕಂಬಳಿ ಹೊದ್ದುಕೊಳ್ಳುತ್ತದೆ. ಆರ್‌ಒ ನೀರು ಬಳಸಿ. ಟಿಡಿಎಸ್ ಹತ್ತರೊಳಗೆ ಬರಬೇಕು, ಸೊನ್ನೆಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಮನೆಯ ಕುಡಿಯುವ ನೀರಿನ ಆರ್‌ಒ ಆದರೆ ಅದರ ಟಿಡಿಎಸ್ ತಿರುಪು ಪೂರ್ತಿ ಮುಚ್ಚಿರಬೇಕು, ಇಲ್ಲವಾದರೆ ಅದು ಸ್ವಲ್ಪ ಬೋರ್ ನೀರನ್ನೇ ಮತ್ತೆ ಬೆರೆಸುತ್ತದೆ. ಇತ್ತೀಚೆಗೆ ತಾಮ್ರ ಸೇರಿಸುವ ಮಷಿನ್‌ಗಳೂ ಬಂದಿವೆ. ಕುಡಿಯಲು ಏನೋ, ಟ್ಯಾಂಕಿಗೆ ಬೇಡವೇ ಬೇಡ. ಮುಂದೆ ಸಿಗಡಿ, ಬಸವನಹುಳು ತಂದರೆ ತಾಮ್ರ ಅವುಗಳಿಗೆ ವಿಷ.

ಕಲ್ಲುಪ್ಪು ನಡೆಯುವುದಿಲ್ಲ. ಅದು ಹೆಚ್ಚೂಕಡಿಮೆ ಬರೀ ಸೋಡಿಯಂ ಕ್ಲೋರೈಡ್. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಅದರ ಜೊತೆಗೆ ಸುಮಾರು 1300 ಮಿಲಿಗ್ರಾಂ ಮೆಗ್ನೀಸಿಯಂ, 400 ಮಿಲಿಗ್ರಾಂ ಕ್ಯಾಲ್ಸಿಯಂ, ಪೊಟ್ಯಾಸಿಯಂ, ಬೈಕಾರ್ಬನೇಟ್ ಎಲ್ಲ ಇರುತ್ತವೆ. ಅಂಗಡಿಯ ಸಮುದ್ರದ ಉಪ್ಪಿಗೆ ದುಡ್ಡು ಕೊಡುವುದು ಆ ಉಳಿದವಕ್ಕೆ. ನೂರು ಲೀಟರ್‌ಗೆ ಮೂರೂವರೆ ಕಿಲೋ ಚಿಲ್ಲರೆ ಬೀಳುತ್ತದೆ. ಟ್ಯಾಂಕಿಗೇ ಸುರಿಯದೆ, ಬೇರೆ ಡ್ರಮ್ಮಿನಲ್ಲಿ ಪಂಪ್ ಹಾಕಿ ಒಂದು ರಾತ್ರಿ ತಿರುಗಿಸಿ ಕರಗಿಸಿ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ 1.025 ಬರಬೇಕು, ಉಪ್ಪಿನ ಲೆಕ್ಕದಲ್ಲಿ ಲೀಟರಿಗೆ ಸುಮಾರು 35 ಗ್ರಾಂ. ಈಗಿನ ಬೋರ್ ನೀರನ್ನು ಒಂದೇ ದಿನ ಬದಲಿಸಬೇಡಿ. ವಾರಕ್ಕೆ ಹತ್ತರಲ್ಲಿ ಒಂದು ಪಾಲಿನಂತೆ ತೆಗೆದು ಹೊಸದು ಹಾಕುತ್ತಾ ಬಂದರೆ ತಾನಾಗಿ ಸರಿಹೋಗುತ್ತದೆ.

ಬಿಸಿಲಿನ ವಿಷಯಕ್ಕೆ ಬರುತ್ತೇನೆ, ಯಾಕೆಂದರೆ ಕಲಬುರಗಿಯಲ್ಲಿ ಉಪ್ಪುನೀರಿನ ಮೀನು ಸಾಕುವವರ ಅರ್ಧ ಕಷ್ಟ ಅದೇ. 32 ಡಿಗ್ರಿ ಜಾಸ್ತಿಯಾಯಿತು. ಡ್ಯಾಮ್ಸೆಲ್‌ಗೆ 25ರಿಂದ 27 ಹಿತ, ಬೇಸಿಗೆಯಲ್ಲಿ 28-29 ಸ್ಥಿರವಾಗಿದ್ದರೆ ನಡೆಯುತ್ತದೆ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಉಪ್ಪುನೀರಿನಲ್ಲಿ ಮೊದಲೇ ಸಿಹಿನೀರಿಗಿಂತ ಕಡಿಮೆ. ಅಮೋನಿಯಾದ ವಿಷವೂ ಬಿಸಿಯಲ್ಲಿ ಏರುತ್ತದೆ. ಮೀನು ಸಿಡುಕಾಗುವುದರಲ್ಲಿ ಬಿಸಿಯ ಪಾಲೂ ಇದೆ ಅನ್ನುವುದು ನನ್ನ ಅನುಭವ. ಮೇ ತಿಂಗಳಲ್ಲಿ ಮನುಷ್ಯರಿಗೇ ಆಗುತ್ತದೆ.

ನೀರು ತಣ್ಣಗೆ ಮಾಡುವ ಚಿಲ್ಲರ್ ಮಷಿನ್ ತರುವ ಮೊದಲು ಫ್ಯಾನ್ ಪ್ರಯತ್ನಿಸಿ. ಮಂಗಳೂರಿನವರಿಗೆ ಈ ಉಪಾಯ ಅಷ್ಟು ಫಲಿಸುವುದಿಲ್ಲ, ಅಲ್ಲಿಯ ಗಾಳಿಯೇ ಒದ್ದೆ. ನಮ್ಮದು ಒಣ ಗಾಳಿ. ಮಣ್ಣಿನ ಗಡಿಗೆಯ ನೀರು ತಣ್ಣಗಾಗುವುದು ಹೇಗೋ, ಹಾಗೆ ನೀರು ಆವಿಯಾಗುವಾಗ ಬಿಸಿಯನ್ನು ಹೊತ್ತೊಯ್ಯುತ್ತದೆ. ಟ್ಯಾಂಕಿನ ಗಾಜಿನ ಮುಚ್ಚಳ ತೆಗೆದು ಸೊಳ್ಳೆಪರದೆಯ ಬಲೆ ಹಾಕಿ. ಎರಡು ಸಣ್ಣ ಫ್ಯಾನ್‌ಗಳ ಗಾಳಿ ನೀರಿನ ಮೇಲೆ ಓರೆಯಾಗಿ ಬೀಳಲಿ. ನಮ್ಮ ಹಾಲ್‌ನಲ್ಲಿ 36 ಡಿಗ್ರಿ ಇದ್ದ ಮಧ್ಯಾಹ್ನವೂ ಟ್ಯಾಂಕ್ 29 ದಾಟಿಲ್ಲ. ಮಳೆಗಾಲ ಶುರುವಾದ ಮೇಲೆ ಇದರ ಆಟ ನಿಲ್ಲುತ್ತದೆ, ಅಷ್ಟರಲ್ಲಿ ಬಿಸಿಲೂ ಇಳಿದಿರುತ್ತದೆ.

ಕೂಲರ್ ಇದ್ದರೆ ರೂಮು ತಣ್ಣಗಾಗುತ್ತದೆ, ಒಳ್ಳೆಯದೇ. ಆದರೆ ಸೊಳ್ಳೆ ಆಗಬಾರದು ಅಂತ ಕೂಲರ್ ನೀರಿಗೆ ಸೀಮೆಎಣ್ಣೆ, ಫಿನೈಲ್ ಹಾಕುವವರಿದ್ದಾರೆ. ಹಾಗೇನಾದರೂ ಇದ್ದರೆ ಅದರ ಗಾಳಿ ಟ್ಯಾಂಕಿನ ಕಡೆ ತಿರುಗಬಾರದು. ಜಿರಳೆ ಸ್ಪ್ರೇ ಕೂಡ ಆ ರೂಮಿನಲ್ಲಿ ಬೇಡ.

ಫ್ಯಾನ್ ಹಾಕಿದರೆ ನೀರು ಇಳಿಯುತ್ತದೆ. ಏಪ್ರಿಲ್‌ನಲ್ಲಿ ನನ್ನ ಟ್ಯಾಂಕಿನಿಂದ ದಿನಕ್ಕೆ ಮೂರು-ನಾಲ್ಕು ಲೀಟರ್ ಹೋಗುತ್ತದೆ. ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ನಿಮ್ಮ ಟ್ಯಾಂಕಿನಲ್ಲಿ ಕಲ್ಲು ಬಿಟ್ಟು 170 ಲೀಟರ್ ನೀರು ಇದೆ ಅಂದುಕೊಳ್ಳಿ. ಐದು ದಿನ ಮರೆತು 20 ಲೀಟರ್ ಆವಿಯಾದರೆ, 35 ಇದ್ದ ಉಪ್ಪು 40ರ ಹತ್ತಿರ ಹೋಗಿರುತ್ತದೆ. ಆದ್ದರಿಂದ ಗಾಜಿನ ಮೇಲೆ ಮಾರ್ಕರ್‌ನಲ್ಲಿ ಒಂದು ಗೆರೆ ಎಳೆದು, ದಿನಾ ಬೆಳಿಗ್ಗೆ ಆ ಗೆರೆಯ ತನಕ ಬರೀ ಆರ್‌ಒ ನೀರು ತುಂಬಿ. ಇಲ್ಲಿ ಉಪ್ಪುನೀರು ತುಂಬಿದವರು ಬಹಳ ಜನ. ಒಂದು ಕಾಲದಲ್ಲಿ ನಾನೂ.

ಕರೆಂಟ್ ಹೋದಾಗ ಮೀನು ಸಾಯುವುದು ಉಸಿರು ಕಟ್ಟಿ. ಇನ್ವರ್ಟರ್‌ಗೆ ಪಂಪ್ ಮತ್ತು ಫ್ಯಾನ್ ಮಾತ್ರ ಕೊಡಿ, ಲೈಟ್ ಬೇಡ. ಇನ್ವರ್ಟರ್ ಇಲ್ಲದಿದ್ದರೆ ಬ್ಯಾಟರಿಯ ಗಾಳಿ ಪಂಪ್ ಒಂದು ಮನೆಯಲ್ಲಿರಲಿ. ನೀರು ತುಂಬಿ ಹೆಪ್ಪುಗಟ್ಟಿಸಿದ ಬಾಟಲಿ ಫ್ರೀಜರ್‌ನಲ್ಲಿಟ್ಟಿದ್ದರೆ ತೀರಾ ಬಿಸಿಯಾದ ದಿನ ತೇಲಿಬಿಡಬಹುದು. ಒಂದೇ ಸಲ ಒಂದಕ್ಕಿಂತ ಹೆಚ್ಚು ಡಿಗ್ರಿ ಇಳಿಸಬೇಡಿ.

ಇದೆಲ್ಲ ಒಂದು ಹದಕ್ಕೆ ಬಂದ ಮೇಲೆ ಹೊಸ ಮೀನಿನ ಯೋಚನೆ ಮಾಡಿ. ಸೌಮ್ಯ ಮೀನು ಮೊದಲು, ಜಗಳಗಂಟ ಕೊನೆಗೆ. ಕ್ಲೌನ್ ಜೋಡಿ ಬೇಕಿದ್ದರೆ ಅದು, ಜೊತೆಗೆ ತಳದಲ್ಲಿರುವ ಗೋಬಿ ಮೀನು ಒಂದು, ಎಲ್ಲ ನೆಲೆಯಾದ ಮೇಲೆ ಕೊನೆಯದಾಗಿ ಒಂದೇ ಒಂದು ಡ್ಯಾಮ್ಸೆಲ್. ನನ್ನನ್ನು ಕೇಳಿದರೆ ಹಳದಿ ಬಾಲದ ನೀಲಿ ಡ್ಯಾಮ್ಸೆಲ್ ತನ್ನಿ. ಏಳು ಸೆಂಟಿಮೀಟರ್ ಒಳಗೆ ಇರುತ್ತದೆ, ಬಣ್ಣಕ್ಕೆ ಬಣ್ಣ, ಈ ಕುಟುಂಬದಲ್ಲಿ ಮರ್ಯಾದಸ್ಥ. ಗ್ರೀನ್ ಕ್ರೋಮಿಸ್ ಸಾಧು ಅಂತ ಐದಾರು ಒಟ್ಟಿಗೆ ಮಾರುತ್ತಾರೆ. ಸಾಧು ಹೌದು, ಬೇರೆಯವರ ಮಟ್ಟಿಗೆ. ಸಣ್ಣ ಟ್ಯಾಂಕಿನಲ್ಲಿ ತಮ್ಮತಮ್ಮಲ್ಲೇ ಕಚ್ಚಾಡಿ ಒಂದೊಂದೇ ಕಡಿಮೆಯಾಗುತ್ತಾ ಬರುತ್ತವೆ. ಯಾವುದೇ ಹೊಸ ಮೀನಾಗಲಿ, ಹೈದರಾಬಾದಿನಿಂದಲೋ ಮುಂಬೈಯಿಂದಲೋ ರಾತ್ರಿಯೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಕೂತು ಬಂದಿರುತ್ತದೆ. ನಾಲ್ಕು ವಾರ ಬೇರೆ ಸಣ್ಣ ಟ್ಯಾಂಕಿನಲ್ಲಿ ಇಟ್ಟು, ಬಿಳಿ ಚುಕ್ಕೆ ರೋಗ ಇಲ್ಲ ಅಂತ ನೋಡಿಕೊಂಡೇ ಒಳಗೆ ಬಿಡಿ. ಸಾಕಣೆಯಲ್ಲೇ ಹುಟ್ಟಿದ ಮರಿ ಸಿಕ್ಕರೆ ಅದನ್ನೇ ಆರಿಸಿ. ತಮಿಳುನಾಡಿನ ಮಂಡಪಂನಲ್ಲಿ ಕೇಂದ್ರ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯವರು ಕ್ಲೌನ್ ಜೊತೆ ಡ್ಯಾಮ್ಸೆಲ್ ಮರಿಗಳನ್ನೂ ಮಾಡಿಸಿದ್ದಾರೆ.

ಯಾರಾದರೂ ನಮ್ಮ ಕಡಲಿನ ಹವಳದ ಕಲ್ಲು ತಂದುಕೊಡುತ್ತೇನೆ ಅಂದರೆ ಬೇಡ ಅನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಲ್ಲುಹವಳ ಮೊದಲ ಪಟ್ಟಿಯಲ್ಲಿದೆ, ಹುಲಿ ಇರುವ ಪಟ್ಟಿ ಅದು. ಹಾಗಂತ ಶಹಾಬಾದ್ ಕಲ್ಲು ಸುಣ್ಣಕಲ್ಲೇ ತಾನೇ ಅಂತ ಫರ್ಸಿಯ ಚೂರು ಜೋಡಿಸಬೇಡಿ. ಅದರಲ್ಲಿ ಬ್ಯಾಕ್ಟೀರಿಯಾ ಕೂರುವಂಥ ಸಣ್ಣ ಸಣ್ಣ ತೂತುಗಳಿಲ್ಲ. ಅಕ್ವೇರಿಯಂಗೆಂದೇ ಬರುವ ತೂತು ತೂತಿನ ಒಣ ಕಲ್ಲು ಸಾಕು. ಫರ್ಸಿ ನೆಲದ ಮೇಲೆ ಟ್ಯಾಂಕಿನ ಭಾರ ಕೂರುತ್ತದೆ, ಹೆದರಬೇಡಿ. ಚೆಲ್ಲಿದ ಉಪ್ಪುನೀರನ್ನು ಮಾತ್ರ ಆಗಾಗ್ಗೆ ಒರೆಸಿ, ಬಿಳಿ ಕಲೆ ಕೂತರೆ ಹೋಗುವುದಿಲ್ಲ.

ಊಟ ದಿನಕ್ಕೆ ಎರಡು ಸಲ, ಒಂದು ನಿಮಿಷದಲ್ಲಿ ಮುಗಿಯುವಷ್ಟು. ಸಮುದ್ರದ ಮೀನಿನ ಸಣ್ಣ ಕಾಳು, ವಾರಕ್ಕೆರಡು ಸಲ ಫ್ರೋಜನ್ ಮೈಸಿಸ್ (ಪುಟ್ಟ ಸಿಗಡಿಯಂಥದ್ದು), ಸ್ವಲ್ಪ ಸ್ಪಿರುಲಿನಾ ಪಾಚಿ. ಹಸಿದ ಡ್ಯಾಮ್ಸೆಲ್ ಜಾಸ್ತಿ ಕಚ್ಚುತ್ತದೆ.

ಕೊನೆಗೆ ಉಳಿದದ್ದು ಮಗಳ ಕರಿಯ. ಕೊಡಲ್ಲ ಅನ್ನುತ್ತಾಳೆ ಅಂದರೆ ಇಟ್ಟುಕೊಳ್ಳಿ, ಅದಕ್ಕೂ ದಾರಿ ಇದೆ. ಹಂಬಗ್ ಮತ್ತು ನೀಲಿಯನ್ನು ಅಂಗಡಿಗೆ ಕೊಡಿ. ಬಾಲ ವಾಸಿಯಾದ ಕ್ಲೌನ್ ಅನ್ನು ಸಾಕುವವರೊಬ್ಬರ ಮನೆಗೆ ಕಳಿಸಿ. ಮೂರಡಿ ಟ್ಯಾಂಕಿನಲ್ಲಿ ಕರಿಯ ಒಬ್ಬನೇ ಇರಲಿ. ಚೆನ್ನಾಗಿ ನೋಡಿಕೊಂಡರೆ ಎಂಟು-ಹತ್ತು ವರ್ಷ ಇರುತ್ತಾನೆ, ಊಟ ಹಾಕುವವಳ ಗುರುತು ಹಿಡಿದು ಗಾಜಿನ ಹತ್ತಿರ ಬರುತ್ತಾನೆ. ಅವಳು ಕಾಲೇಜಿಗೆ ಹೋಗುವ ಹೊತ್ತಿಗೆ ಅಂಗೈಯಗಲ ಆಗಿರುತ್ತಾನೆ, ಚುಕ್ಕೆಗಳು ಮಾಸಿರುತ್ತವೆ. ಅದನ್ನು ಮಾತ್ರ ಅವಳಿಗೆ ಈಗಲೇ ಹೇಳಿಬಿಡಿ. ಆಗ ಗಾಜು ಒರೆಸುವ ಕೆಲಸವೂ ಅವಳದ್ದೇ ಆಗಲಿ, ಮ್ಯಾಗ್ನೆಟ್ ಬ್ರಷ್ ಕೊಡಿಸಿ.